ದುಡಿಯುತ್ತಲೇ ಕಲಿತ ಊರು

ಬಂಟ್ವಾಳ ಪೇಟೆಯಲ್ಲಿ ವ್ಯಾಪಾರ ಕಲಿಯಬೇಕೆಂದರೆ ಒಂದು ಕಾಲಕ್ಕೆ ಇದ್ದದ್ದು ಒಂದೇ ದಾರಿ, ಯಾರಾದರೂ ಧಣಿಯ ಅಂಗಡಿಗೆ ಸೇರಿಕೊಳ್ಳುವುದು. ಮಂಗಳೂರಿನಿಂದ ಉಪ್ಪು, ಒಣಮೀನು ಹೊತ್ತ ದೋಣಿಗಳು ನೇತ್ರಾವತಿಯಲ್ಲಿ ಏರಿ ಬರುತ್ತಿದ್ದವು. ಬೆಳ್ತಂಗಡಿ ಕಡೆಯ ಅಕ್ಕಿ, ಅಡಿಕೆ, ಕಾಳುಮೆಣಸು ಮತ್ತು ಚಾರ್ಮಾಡಿ ಘಾಟಿಯಿಂದ ಇಳಿದ ಕಾಫಿ ಇಲ್ಲಿ ಗಾಡಿಯಿಂದ ದೋಣಿಗೆ ಸೇರುತ್ತಿದ್ದವು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನಮ್ಮ ಸೀಮೆಯನ್ನು ನೋಡಲು ಬಂದ ಫ್ರಾನ್ಸಿಸ್ ಬುಕನನ್ ಹಿಡಿದದ್ದೂ ಇದೇ ದಾರಿ: ಮಂಗಳೂರು ಬಿಟ್ಟು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಅಲ್ಲಿಂದ ಕಾರ್ಕಳ. ಬೆಳೆ, ಅಳತೆ, ಬೆಲೆಗಳನ್ನು ಬರೆದುಕೊಳ್ಳುತ್ತ ಹೋದ ಆತನಿಗಿಂತ ಎಷ್ಟೋ ಮೊದಲೇ, 1430ರ ಹೊತ್ತಿಗೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದಿತ್ತು. ಆ ಊರಿನ ಬಸದಿಗಳ ಹಿಂದೆ ಜೈನ ವರ್ತಕರ ಸಂಪತ್ತಿದೆ. ಅಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ನಮ್ಮ ಮೂರು ಪೇಟೆಗಳು ಕಾಲೇಜು ಕಾಣುವ ಶತಮಾನಗಳ ಮೊದಲೇ ವ್ಯಾಪಾರದಲ್ಲಿ ಪಳಗಿದ್ದವು. ಆ ತಿಳಿವಳಿಕೆ ಕೈಯಿಂದ ಕೈಗೆ ದಾಟಿದ್ದು ಅಂಗಡಿಯ ಜಗಲಿಯಲ್ಲಿ.

ನನ್ನ ತಂದೆ ಬಂಟ್ವಾಳ ಪೇಟೆಯ ಜಿನಸು ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸೇರಿದಾಗ ಅವರ ಕೈಗೆ ಬಂದದ್ದು ಹಿಡಿಸೂಡಿ, ಆಮೇಲೆ ತಕ್ಕಡಿ, ಆಮೇಲೆ ಚೀಟಿ ಬರೆಯುವ ಕೆಲಸ. ರೋಕಡಿ ಪುಸ್ತಕವನ್ನು ಮುಟ್ಟಲು ವರ್ಷಗಳೇ ಬೇಕಾದವು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ನಲವತ್ತೆರಡು ಸೇರಿನ ಮುಡಿಯ ಬೆಲೆಯಿಂದ ಒಂದು ಸೇರಿನ ಬೆಲೆಯನ್ನು ಆಣೆ ಪೈಗಳಲ್ಲಿ ಬಾಯಿಲೆಕ್ಕದಲ್ಲೇ ಹೇಳಬೇಕಿತ್ತು. ಯಾರಿಗೆ ಎಷ್ಟು ಸಾಲ ಕೊಡಬಹುದು, ಮಳೆಗಾಲಕ್ಕೆ ಮುಂಚೆ ಎಷ್ಟು ದಾಸ್ತಾನು ಮಾಡಬೇಕು, ಯಾವ ಗಿರಾಕಿಯ ಬಾಕಿಯನ್ನು ಕೊಯ್ಲಿನವರೆಗೆ ಕೇಳಬಾರದು ಎಂಬುದೆಲ್ಲ ಧಣಿಯ ಪಕ್ಕದಲ್ಲಿ ಕೂತು ನೋಡಿ ಕಲಿತದ್ದು. ಹಿರಿಯರು ಮಾರಿಬೊಳ್ಳವೆಂದು ನೆನೆಯುವ 1923ರ ನೆರೆಯ ನಂತರ 1974ರ ಜುಲೈಯಲ್ಲಿ ನೇತ್ರಾವತಿ ಮತ್ತೊಮ್ಮೆ ಪೇಟೆಗೆ ನುಗ್ಗಿತು. ಆಗ ತಂದೆಯವರು ಅಂಗಡಿಯಿಂದ ಮೊದಲು ಉಪ್ಪರಿಗೆಗೆ ಸಾಗಿಸಿದ್ದು ಖಾತೆ ಪುಸ್ತಕಗಳನ್ನು, ಅಕ್ಕಿ ಮುಡಿಗಳ ಸರದಿ ಆಮೇಲೆ ಬಂತು. ಸರಕು ಹೋದರೆ ಮತ್ತೆ ತರಬಹುದು, ಲೆಕ್ಕ ಹೋದರೆ ನಂಬಿಕೆಯೇ ಹೋಯಿತು ಎನ್ನುತ್ತಿದ್ದರು. ಮುಂದೆ ನಾನು ಓದಿದ ಯಾವ ಹಣಕಾಸು ಪಠ್ಯವೂ ಈ ಮಾತನ್ನು ಅಲ್ಲಗಳೆಯಲಿಲ್ಲ.

ಆದರೆ ಆ ಪಾಠಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಧಣಿಯ ನೆಂಟರು, ಜಾತಿಯವರು, ಗುರುತಿನವರು ಒಳಗೆ, ಉಳಿದವರು ಹೊರಗೆ. ಹೆಣ್ಣುಮಕ್ಕಳ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಇಪ್ಪತ್ತು ವರ್ಷ ಲೆಕ್ಕ ಬರೆದವನ ಕೈಯಲ್ಲೂ ಇನ್ನೊಂದು ಊರಿನಲ್ಲಿ ತೋರಿಸಲು ಒಂದು ಕಾಗದವಿರಲಿಲ್ಲ. ದುಡಿಯುವವನಿಗೆ ಪ್ರಮಾಣಪತ್ರ ಏಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಕಲಿತ ವಿದ್ಯೆ ಧಣಿಯದಾಗಿ ಉಳಿಯದೆ ತನ್ನದಾಗಬೇಕಾದರೆ ಅದಕ್ಕೊಂದು ಮುದ್ರೆ ಬೇಕು.

ಮುದ್ರೆಯ ಬೆಲೆ ನಮ್ಮ ಜಿಲ್ಲೆಗೆ ಅರ್ಥವಾದದ್ದು ಬ್ಯಾಂಕುಗಳು ಹುಟ್ಟಿದ ಮೇಲೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಹಿಂದು ಪರ್ಮನೆಂಟ್ ಫಂಡ್ ಕಟ್ಟಿದ ಸುಬ್ಬರಾವ್ ಪೈಯವರ ಹೆಸರಿನ ಮುಂದೆ ಇರುವ ಅಮ್ಮೆಂಬಳ ನಮ್ಮ ಬಂಟ್ವಾಳ ಕಡೆಯದೇ ಊರು. ಬ್ಯಾಂಕಿಗೆ ಮುಂಚೆ, 1891ರಲ್ಲಿ, ಅವರು ಕೆನರಾ ಹೈಸ್ಕೂಲನ್ನು ಆರಂಭಿಸಿದ್ದರು. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ನಾಂದಿ ಹಾಡಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸಿದರು. ಒಂದೇ ಜಿಲ್ಲೆಯಲ್ಲಿ ಇಷ್ಟು ಬ್ಯಾಂಕುಗಳು ಹುಟ್ಟಿದಾಗ ಲೆಕ್ಕ ಬಲ್ಲ, ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲ, ಟೈಪು ಮಾಡಬಲ್ಲ ಹುಡುಗರಿಗೆ ಬೇಡಿಕೆ ಬಂತು. ಟೈಪಿಂಗ್ ಇನ್‌ಸ್ಟಿಟ್ಯೂಟುಗಳ ಲೋವರ್, ಹೈಯರ್ ಪರೀಕ್ಷೆಗಳು ಎಷ್ಟೋ ಮನೆಗಳ ಒಲೆ ಉರಿಸಿದವು.

ಊರಲ್ಲಿ ಕೆಲಸ ಸಿಗದವರು ಮುಂಬಯಿಯ ದಾರಿ ಹಿಡಿದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಗೆ ಹೋದ ತುಳುನಾಡಿನ ಹುಡುಗರ ಕಥೆಯನ್ನು ಬಿಟ್ಟು ನಮ್ಮ ಜಿಲ್ಲೆಯ ವಾಣಿಜ್ಯ ಶಿಕ್ಷಣದ ಇತಿಹಾಸ ಬರೆಯಲಾಗದು. ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಷ್ಟು ಹಿಂದೆಯೇ ಅಲ್ಲಿ ರಾತ್ರಿಶಾಲೆ ತೆರೆದಿತ್ತು. ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಹೈಸ್ಕೂಲು ಇನ್ನೊಂದು ಆಸರೆ. ಅಲ್ಲಿ ಮೆಟ್ರಿಕ್ ಮುಗಿಸಿದವರಿಗೆ ಮುಂದಿನ ಹಾದಿಯೂ ಇತ್ತು. ಡಾ. ಅಂಬೇಡ್ಕರ್ ಅವರು 1946ರಲ್ಲಿ ಸ್ಥಾಪಿಸಿದ ಸಿದ್ಧಾರ್ಥ ಕಾಲೇಜು ದುಡಿಯುವವರಿಗಾಗಿ ಬೆಳಗಿನ ಹೊತ್ತೇ ತರಗತಿ ನಡೆಸುತ್ತಿತ್ತು. ಕೆಲಸದ ವೇಳೆಗೆ ಕಾಲೇಜೇ ತಲೆಬಾಗಿದ ಆ ಏರ್ಪಾಡನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ನನ್ನ ಪಾಲಿಗೆ ಬಂದದ್ದು ಬ್ಯಾಂಕಿನ ನೌಕರಿ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡು ಹಳ್ಳಿ ಹಳ್ಳಿಗೂ ಶಾಖೆಗಳು ಬಂದಿದ್ದ ಕಾಲ. ಮೂಡುಬಿದಿರೆಯ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ನಾನು ಸಿಎಐಐಬಿಗೆ ಕಟ್ಟಿದೆ. 1928ರಲ್ಲಿ ಸ್ಥಾಪನೆಯಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕರ್ಸ್ ನಡೆಸುತ್ತಿದ್ದ ಪರೀಕ್ಷೆ ಅದು. ಪಾಸಾದರೆ ಸಂಬಳದಲ್ಲಿ ಇನ್‌ಕ್ರಿಮೆಂಟು, ಬಡ್ತಿಯ ಹಾದಿಯಲ್ಲಿ ಒಂದು ಹೆಜ್ಜೆ. ರಾತ್ರಿ ಊಟವಾದ ಮೇಲೆ 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಹಿಡಿದು ಕೂರುತ್ತಿದ್ದೆ. ಚೆಕ್ಕು ವಸೂಲಿ ಮಾಡುವ ಬ್ಯಾಂಕಿಗೆ ರಕ್ಷಣೆ ಬೇಕಾದರೆ ಅದು ನಿರ್ಲಕ್ಷ್ಯ ತೋರಿರಬಾರದು ಎನ್ನುತ್ತದೆ ಅದರ 131ನೇ ಕಲಮು. ಅದನ್ನು ಓದಿದ ಮರುಬೆಳಿಗ್ಗೆ ಕೌಂಟರಿನಲ್ಲಿ ಖಾತೆ ತೆರೆಯಲು ಬಂದವರ ಅರ್ಜಿಯಲ್ಲಿ ಪರಿಚಯಿಸುವವರ ಸಹಿಯನ್ನು ನೋಡುವ ನನ್ನ ಕಣ್ಣೇ ಬದಲಾಗಿತ್ತು. ಅಷ್ಟು ದಿನ ಪದ್ಧತಿ ಎಂದು ಮಾಡುತ್ತಿದ್ದುದರ ಕಾರಣ ತಿಳಿಯಿತು. ದುಡಿಯುವವನ ಓದಿಗೂ ಹದಿಹರೆಯದವನ ಓದಿಗೂ ಇರುವ ವ್ಯತ್ಯಾಸ ಇಲ್ಲಿದೆ. ಹುಡುಗ ಮುಂದೊಂದು ದಿನ ಬೇಕಾದೀತು ಎಂದು ಕಲಿಯುತ್ತಾನೆ. ದುಡಿಯುವವನ ಬಳಿ ಪ್ರಶ್ನೆ ಮೊದಲೇ ಇರುತ್ತದೆ, ಪಾಠ ಆಮೇಲೆ ಬರುತ್ತದೆ.

ಪದವಿ ಬೇಕೆನ್ನುವವರಿಗೆ ಆ ಹೊತ್ತಿಗೆ ಬೇರೆ ಬಾಗಿಲುಗಳೂ ತೆರೆದಿದ್ದವು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತ್ತು. ಬೆಳ್ತಂಗಡಿಯ ಒಳನಾಡಿನ ಮೇಷ್ಟರು, ಸೊಸೈಟಿಯ ಸೆಕ್ರೆಟರಿ, ಪೋಸ್ಟ್‌ಮ್ಯಾನ್ ಎಲ್ಲರೂ ಟಪಾಲಿನಲ್ಲಿ ಬಂದ ಪಾಠ ಓದಿ ಪದವೀಧರರಾದರು. ಮಂಗಳೂರಿನಲ್ಲಿ ಸಂಜೆ ಕಾಲೇಜಿತ್ತು. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ, ಅದೇ ವರ್ಷ ಮಣಿಪಾಲದಲ್ಲಿ ಟಿ. ಎ. ಪೈಯವರ ಮ್ಯಾನೇಜ್‌ಮೆಂಟ್ ಸಂಸ್ಥೆ ಬಂದವು. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಹುಟ್ಟಿತು. ಪದವಿ ಕೊಡದೆ, ಶುಲ್ಕ ಪಡೆಯದೆ, ನಿರುದ್ಯೋಗಿ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಟ್ಟ ಆ ಮಾದರಿ ಮುಂದೆ ಕೇಂದ್ರ ಸರ್ಕಾರದ ಮೂಲಕ ದೇಶದ ಜಿಲ್ಲೆ ಜಿಲ್ಲೆಗೂ ಹೋಯಿತು. ಅದೇ 1982ರಲ್ಲಿ ಬೆಳ್ತಂಗಡಿಯಲ್ಲಿ ಮೊದಲಾದ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳಲ್ಲಿ ಹೆಂಗಸರು ಲೆಕ್ಕದ ಪುಸ್ತಕ ಹಿಡಿದರು. ನನ್ನ ತಂದೆಯವರ ಕಾಲದಲ್ಲಿ ಮುಚ್ಚಿದ್ದ ಬಾಗಿಲು ಅಲ್ಲಿ ತೆರೆಯಿತು. ಇನ್ನು ನಮ್ಮ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದಾಗ ಅಡಿಕೆ ಬೆಳೆಗಾರರೇ ಮಾರುಕಟ್ಟೆಯ ವಿದ್ಯೆಯನ್ನು ಕೈಗೆ ತೆಗೆದುಕೊಂಡರು. ಇವೆಲ್ಲ ವ್ಯಾಪಾರ ಶಿಕ್ಷಣವಲ್ಲದೆ ಮತ್ತೇನು?

ಹೊರಜಗತ್ತಿನಲ್ಲೂ ದುಡಿಯುವವರ ಎಂ.ಬಿ.ಎ. ಹೀಗೇ ಅಗತ್ಯದಿಂದ ಹುಟ್ಟಿದ್ದು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಶಿಕಾಗೊ ವಿಶ್ವವಿದ್ಯಾನಿಲಯ ಅನುಭವಿ ನೌಕರರಿಗಾಗಿ ಮೊದಲ ಎಕ್ಸಿಕ್ಯುಟಿವ್ ಎಂ.ಬಿ.ಎ. ಆರಂಭಿಸಿತು. ನಮ್ಮ ಬೆಂಗಳೂರಿನಲ್ಲಿ 1973ರಲ್ಲಿ ಬಂದ ಐಐಎಂ ಇಂದು ವಾರಾಂತ್ಯದ ಎರಡು ವರ್ಷದ ಕೋರ್ಸ್ ನಡೆಸುತ್ತದೆ. ಮನೆಯಲ್ಲೇ ಕೂತು ಓದುವ ಆನ್‌ಲೈನ್ ಎಂ.ಬಿ.ಎ.ಗಳಂತೂ ಬೇಕಾದಷ್ಟು. ಹಾಗಾಗಿ ಬಿ.ಸಿ. ರೋಡಿನಲ್ಲಿ, ಮೂಡುಬಿದಿರೆಯಲ್ಲಿ ನನ್ನನ್ನು ಕಾಣುವ ಗೇರುಬೀಜ ಕಾರ್ಖಾನೆಯ ಸೂಪರ್‌ವೈಸರ್, ಸಹಕಾರಿ ಸಂಘದ ಮ್ಯಾನೇಜರ್, ಆಸ್ಪತ್ರೆಯ ಆಡಳಿತ ನೋಡುವ ಹುಡುಗಿ ಎಲ್ಲರೂ ಕೇಳುವುದು ಒಂದೇ: ಯಾವುದಕ್ಕೆ ಸೇರಲಿ?

ನಾನು ಈ ಇತಿಹಾಸದಿಂದಲೇ ಉತ್ತರ ಹುಡುಕುತ್ತೇನೆ. ಮೊದಲು ಮುದ್ರೆ ಯಾರದೆಂದು ನೋಡಿ. ಕೊಡುವುದು ಪದವಿಯೋ, ಡಿಪ್ಲೊಮಾವೋ, ಬರಿಯ ಸರ್ಟಿಫಿಕೇಟೋ ಎಂದು ಬರಹದಲ್ಲಿ ಕೇಳಿ. ಹೆಸರಿನಲ್ಲಿ ಎಕ್ಸಿಕ್ಯುಟಿವ್ ಎಂದಿದ್ದರೆ ಸಾಲದು, ಕೆಲವು ತಿಂಗಳ ಕೋರ್ಸುಗಳಿಗೂ ಆ ಹೆಸರಿದೆ. ದೂರಶಿಕ್ಷಣ ಅಥವಾ ಆನ್‌ಲೈನ್ ಆದರೆ ನೀವು ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಯುಜಿಸಿಯ ಅನುಮತಿ ಇದೆಯೇ ಎಂದು ಯುಜಿಸಿಯ ಪಟ್ಟಿಯಲ್ಲೇ ನೋಡಿ. ಮಾನ್ಯತೆ ಇರುವ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು 2022ರಲ್ಲಿ ಯುಜಿಸಿ ಸ್ಪಷ್ಟಪಡಿಸಿದೆ. ಆದರೆ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯವೇ ಕೆಲವು ವರ್ಷ ಮಾನ್ಯತೆ ಇಲ್ಲದೆ ಕಳೆದು 2018ರಲ್ಲಿ ಅದನ್ನು ಮರಳಿ ಪಡೆಯಿತು ಎಂಬುದನ್ನು ಮರೆಯಬಾರದು. ನಡುವೆ ಓದಿದ ನೌಕರರು ಅನುಭವಿಸಿದ ಆತಂಕ ಇನ್ನು ಯಾರಿಗೂ ಬರಬಾರದು.

ಆಮೇಲೆ ಪಕ್ಕದಲ್ಲಿ ಕೂರುವವರು ಯಾರೆಂದು ವಿಚಾರಿಸಿ. ಅನುಭವಿಗಳ ತರಗತಿಯಲ್ಲಿ ಅರ್ಧ ಪಾಠ ಸಹಪಾಠಿಗಳಿಂದ ಬರುತ್ತದೆ. ಬೆಂಗಳೂರಿನ ವಾರಾಂತ್ಯದ ತರಗತಿಗೆ ಬೆಳ್ತಂಗಡಿಯಿಂದ ರಾತ್ರಿ ಬಸ್ಸು ಹತ್ತುವುದಾದರೆ ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿಯ ಗುಡ್ಡ ಕುಸಿತವನ್ನೂ, ಮನೆಯವರ ಪಾಲಿಗೆ ಬೀಳುವ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೊನೆಯದಾಗಿ, ಆ ಕೋರ್ಸಿನಲ್ಲಿ ಕಲಿತದ್ದು ಮರುದಿನದ ನಿಮ್ಮ ಕೆಲಸದಲ್ಲಿ ಯಾವ ಪ್ರಶ್ನೆಗೆ ಉತ್ತರವಾಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಸಾಲ ಮಾಡಿ ಸೇರಬೇಡಿ. ಒಂದು ವರ್ಷ ಕಾಯಿರಿ, ಪ್ರಶ್ನೆ ಬಲಿಯಲಿ.

ಆಯ್ಕೆಯ ಭಾರವನ್ನೆಲ್ಲ ದುಡಿಯುವವರ ಹೆಗಲಿಗೇ ಹೊರಿಸುವುದೂ ನ್ಯಾಯವಲ್ಲ. ಉಜಿರೆ, ಮೂಡುಬಿದಿರೆ ಇಂದು ದೇಶಕ್ಕೆ ಗೊತ್ತಿರುವ ವಿದ್ಯಾಕೇಂದ್ರಗಳು, ಎಂ.ಬಿ.ಎ. ಕಲಿಸುವ ಮೇಷ್ಟರು ಇಲ್ಲಿಯೇ ಇದ್ದಾರೆ. ಸಂಜೆಯ ಹೊತ್ತು, ಭಾನುವಾರ ಇಲ್ಲಿನ ಕಾಲೇಜುಗಳು ತಮ್ಮ ಕೋಣೆಗಳಲ್ಲೇ ಅಂಗಡಿ, ಕಾರ್ಖಾನೆ, ಸಹಕಾರಿ ಸಂಘಗಳವರಿಗೆ ಮಾನ್ಯತೆಯುಳ್ಳ ಪದವಿಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಲಿಸಲಿ. ಅಡಿಕೆ, ಗೇರುಬೀಜ, ಹಂಚು, ಬೀಡಿ, ಸ್ವಸಹಾಯ ಸಂಘಗಳ ಲೆಕ್ಕವೇ ಅಲ್ಲಿನ ಪಠ್ಯದ ಉದಾಹರಣೆಗಳಾಗಲಿ. ಎಂಟು ದಶಕಗಳ ಹಿಂದೆ ಮುಂಬಯಿಯ ಒಂದು ಕಾಲೇಜು ದುಡಿಯುವವರಿಗಾಗಿ ತನ್ನ ಗಂಟೆಯನ್ನೇ ಬದಲಿಸಿತು. ಬ್ಯಾಂಕುಗಳನ್ನು ಹೆತ್ತ ಜಿಲ್ಲೆಯ ಕಾಲೇಜುಗಳಿಗೆ ಅದು ಅಸಾಧ್ಯವೆಂದು ನಾನು ಒಪ್ಪುವುದಿಲ್ಲ.