ಬೆಳ್ಳಿಯ ಕರಂಡಕ, ಒಳಗಿನ ಕಾಗದ

ಬೆಳ್ಳಿಹಬ್ಬಕ್ಕೆ ಹಿರಿಯ ಸದಸ್ಯರಿಗೆ ಏನು ಕೊಡೋಣ ಅಂತ ಸಂಘದ ಸಭೆಯಲ್ಲಿ ಮಾತು ಬಂದಾಗ ಒಬ್ಬರು ನಗುತ್ತ, "ಹಿಂದಿನವರಂಗ ಬೆಳ್ಳಿ ಪೆಟ್ಟಿಗಿ ಕೊಡ್ರಿ" ಅಂದರು. ಆ ಪೆಟ್ಟಿಗೆಯ ಸಂಗತಿ ತಿಳಿಯಬೇಕೆಂಬ ಆಸೆ ನಮಗೆ ಹುಟ್ಟಿದ್ದು ಅಲ್ಲಿಂದಲೇ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯವರಿಗೆ ಬೆಳ್ಳಿಯ ಕರಡಿಗೆ ಹೊಸದಲ್ಲ. ಇಷ್ಟಲಿಂಗವನ್ನು ಅದರಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುವವರು ಊರೂರಿಗೆ ಇದ್ದಾರೆ. ಆದರೆ ದಖ್ಖನದ ದರ್ಬಾರುಗಳಲ್ಲಿ ಸನ್ಮಾನವೆಂದರೆ ಖಿಲ್ಲತ್ತು, ಅಂದರೆ ಉಡುಗೊರೆಯ ಬಟ್ಟೆ. ದೊರೆಗಳ ಪತ್ರ ಜರತಾರಿ ಚೀಲದಲ್ಲಿ ಹೋಗುತ್ತಿತ್ತು. ಬಿನ್ನವತ್ತಳೆಯನ್ನು ಬೆಳ್ಳಿಯ ಕರಂಡಕದಲ್ಲಿಟ್ಟು ಒಪ್ಪಿಸುವ ಪದ್ಧತಿ ಇಂಗ್ಲಿಷರದು. ಅವರ ಪಟ್ಟಣಗಳು ಗೌರವ ಪೌರತ್ವದ ಪತ್ರವನ್ನು ಬೆಳ್ಳಿ, ಬಂಗಾರದ ಡಬ್ಬಿಯಲ್ಲಿ ಕೊಡುತ್ತಿದ್ದವು.

ಸುರಪುರ ಸಂಸ್ಥಾನ 1858ರ ಬಂಡಾಯದಲ್ಲಿ ಬಿದ್ದು, 1860ರ ಒಪ್ಪಂದದಿಂದ ನಿಜಾಮರಿಗೆ ಸೇರಿತು. ಮುಂದೆ 1875–76ರಲ್ಲಿ ಯುವರಾಜ ಎಡ್ವರ್ಡ್ ಹಿಂದುಸ್ತಾನಕ್ಕೆ ಬಂದಾಗ ಇಂಥ ಕರಂಡಕಗಳು ರಾಶಿ ಬಿದ್ದವು. ಮದರಾಸಿನ ಪಿ. ಓರ್ ಅಂಡ್ ಸನ್ಸ್ ಕಂಪನಿ ಬೆಳ್ಳಿಯ ಮೇಲೆ ದೇವರ ಮೂರ್ತಿಗಳನ್ನು ಎಬ್ಬಿಸುವ ಕೆಲಸಕ್ಕೆ ಹೆಸರಾಯಿತು. ನಮಗೆ ಹತ್ತಿರದ್ದು ಬೀದರಿನ ಬಿದರಿ ಕೆಲಸ: ಸತು ಹೆಚ್ಚು, ತಾಮ್ರ ಕಡಿಮೆ ಬೆರೆಸಿ ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿಯ ಎಳೆ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡತಾರ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯತದ!

ಪೆಟ್ಟಿಗೆಯ ಬೆಲೆ ಎಷ್ಟು ಎಂಬುದನ್ನು ತೋರಿಸಿದವರು ಗಾಂಧೀಜಿ. 1933–34ರ ಹರಿಜನ ಪ್ರವಾಸದಲ್ಲಿ, ಬಿನ್ನವತ್ತಳೆಗೆ ಖರ್ಚು ಮಾಡಬೇಡಿರೆಂದು ಅವರು ಹೇಳುತ್ತಿದ್ದರು. ಕೊಟ್ಟರೆ ಕರಂಡಕವನ್ನು ವೇದಿಕೆಯ ಮೇಲೇ ಹರಾಜಿಗಿಟ್ಟು, ಬಂದ ಹಣವನ್ನು ಹರಿಜನ ನಿಧಿಗೆ ಹಾಕುತ್ತಿದ್ದರು. ಆ ಪ್ರವಾಸ 1934ರ ಮಾರ್ಚಿನಲ್ಲಿ ಬೆಳಗಾವಿ ಮತ್ತು ನಮ್ಮ ಪಕ್ಕದ ವಿಜಾಪುರಕ್ಕೂ ಬಂದಿತ್ತು. ಕೊಟ್ಟವರಿಗೆ ಇರುಸುಮುರುಸು ಆಗಿರಬೇಕು ಅಂತ ನಮಗೆ ಅನಿಸುತ್ತದೆ. ಆದರೂ ಕಪಾಟಿನಲ್ಲಿ ಕಪ್ಪಾಗುವುದಕ್ಕಿಂತ ಅದೇ ಪೆಟ್ಟಿಗೆಗೆ ಒಳ್ಳೇ ಗತಿ.

ಈಗ ಹಳೇ ಮನೆಗಳಲ್ಲಿ ಇಂಥ ಪೆಟ್ಟಿಗೆ ಇದ್ದರೆ ಅಕ್ಕಸಾಲಿಯ ತಕ್ಕಡಿಗೆ ಹೋಗತದ, ತೂಕಕ್ಕೆ ರೊಕ್ಕ ಬರತದ. ಒಳಗಿನ ಕಾಗದ ಕಸಕ್ಕೆ! ಅದರಲ್ಲಿ ಯಾರು, ಯಾವ ತಾರೀಖು, ಊರಿಗೆ ಏನು ಮಾಡಿದರು ಎಂಬುದು ಇರುತ್ತದೆ. ಸದಸ್ಯ ಬಾಂಧವರೇ, ನಿಮ್ಮ ಮನೆಯಲ್ಲಿದ್ದರೆ ಪೆಟ್ಟಿಗೆ ನಿಮ್ಮಲ್ಲೇ ಇರಲಿ, ಕಾಗದವನ್ನೊಂದು ದಿನ ಸಂಘದ ಕಚೇರಿಗೆ ತನ್ನಿರಿ. ಝೆರಾಕ್ಸ್ ತೆಗೆದು ಅಂದೇ ಹಿಂತಿರುಗಿಸುತ್ತೇವೆ.