ಬುಶೆಲ್‌ಗೆ ಒಂದು ಸೆಂಟ್

ದಾವಣಗೆರೆಯ ಮಂಡಿಗೆ ಮೆಕ್ಕೆಜೋಳ ತರುವ ರೈತನಿಗೆ ಲೆಕ್ಕದ ಚೀಟಿಯಲ್ಲಿ ಕಡಿತ ಕಾಣುವುದು ಹೊಸದಲ್ಲ. ಅಮೆರಿಕದ ಐಯೋವಾ ರಾಜ್ಯದ ರೈತನ ಚೀಟಿಯಲ್ಲೂ ಒಂದು ಕಡಿತವಿದೆ: ಬುಶೆಲ್‌ಗೆ, ಅಂದರೆ 25.4 ಕಿಲೋಗೆ, ಒಂದು ಸೆಂಟ್. ಆದರೆ ಈ ಕಾಸು ಹಿಡಿದುಕೊಳ್ಳಿ ಎಂದು ಮತ ಹಾಕಿ ಒಪ್ಪಿದವರು ಅಲ್ಲಿನ ಬೆಳೆಗಾರರೇ. ಎಕರೆಗೆ 180 ಬುಶೆಲ್ ಬೆಳೆದರೂ ಹೋಗುವುದು ಎರಡು ಡಾಲರಿಗಿಂತ ಕಡಿಮೆ. ಇಡೀ ರಾಜ್ಯದ ಬೆಳೆ ಮಾತ್ರ ವರ್ಷಕ್ಕೆ 250 ಕೋಟಿ ಬುಶೆಲ್ ಆಸುಪಾಸು!

ಬೆಳೆಯ ಪ್ರಚಾರಕ್ಕೆ, ಸಂಶೋಧನೆಗೆ ಹೋಗುವ ಈ ವಂತಿಗೆಯನ್ನು ಅಲ್ಲಿ ‘ಚೆಕ್‌ಆಫ್’ ಅನ್ನುತ್ತಾರೆ. ಸೋಯಾಬೀನಿಗೆ ಇಂಥ ವಂತಿಗೆಯ ಕಾಯ್ದೆ ರಾಷ್ಟ್ರಮಟ್ಟದಲ್ಲಿದೆ. ಮೆಕ್ಕೆಜೋಳಕ್ಕೆ ಒಂದೊಂದು ರಾಜ್ಯದ್ದು ಒಂದೊಂದು ದಾರಿ. ನೆಬ್ರಾಸ್ಕಾ 1978ರಲ್ಲಿ ಕಾಯ್ದೆ ಮಾಡಿತು, ಅಲ್ಲಿ ಕೊಟ್ಟ ಕಾಸು ವಾಪಸಿಲ್ಲ. ಐಯೋವಾದಲ್ಲಿ ಬೇಡವೆಂದವರು ಅರ್ಜಿ ಹಾಕಿ ಹಿಂಪಡೆಯಬಹುದು.

ನೆಬ್ರಾಸ್ಕಾ ಕಾಯ್ದೆ ಮಾಡಿದ ಆ ಕಾಲವೇ ಅಂಥದ್ದು. 1973ರ ತೈಲ ಬಿಕ್ಕಟ್ಟು ಪೆಟ್ರೋಲಿಗೆ ಬದಲಿ ಹುಡುಕಿಸಿತ್ತು. 1978ರಲ್ಲಿ, ಮೆಕ್ಕೆಜೋಳದಿಂದ ತೆಗೆಯಬಹುದಾದ ಎಥನಾಲ್ ಬೆರೆಸಿದ ಪೆಟ್ರೋಲಿಗೆ ತೆರಿಗೆ ವಿನಾಯಿತಿ ಸಿಕ್ಕಿತು. ಅಫ್ಘಾನಿಸ್ತಾನದ ಮೇಲಿನ ಆಕ್ರಮಣಕ್ಕೆ ಉತ್ತರವಾಗಿ 1980ರಲ್ಲಿ ಕಾರ್ಟರ್ ಸರ್ಕಾರ ಸೋವಿಯತ್ ದೇಶಕ್ಕೆ ಧಾನ್ಯ ಮಾರುವುದನ್ನು ತಡೆದಾಗ, ಪರದೇಶದ ಗಿರಾಕಿಯನ್ನೇ ನಂಬಿ ಕೂತರೆ ಏನಾಗುತ್ತದೆಂದು ರೈತರಿಗೆ ತಿಳಿಯಿತು. ಆದರೂ ಎಥನಾಲಿಗೆ ನಿಜವಾದ ಜಾಗ ಸಿಕ್ಕಿದ್ದು ತಡವಾಗಿ. ತೈಲ ಕಂಪನಿಗಳು ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ, ಸೋರುವ ಟ್ಯಾಂಕುಗಳಿಂದ ಅಂತರ್ಜಲಕ್ಕಿಳಿದು ರಾಜ್ಯಗಳು ಅದನ್ನು ನಿಷೇಧಿಸಿದ ಮೇಲೆ. 2005 ಮತ್ತು 2007ರ ಕಾಯ್ದೆಗಳು ಮಿಶ್ರಣವನ್ನು ಕಡ್ಡಾಯಗೊಳಿಸಿದವು. ಇಂದು ಅಮೆರಿಕದ ಮೆಕ್ಕೆಜೋಳದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಎಥನಾಲ್ ಸ್ಥಾವರಕ್ಕೆ ಹೋಗುತ್ತದೆ.

ಇದರಲ್ಲಿ ಆ ಸೆಂಟಿನ ಪಾತ್ರವೇನು? ಐಯೋವಾದ ವಂತಿಗೆ ಹಣದಲ್ಲಿ ಶಾಸಕರ ಮನವೊಲಿಸುವಂತಿಲ್ಲ. ಅದಕ್ಕೆ ಸದಸ್ಯತ್ವ ಶುಲ್ಕದಿಂದ ನಡೆಯುವ ಬೇರೆ ಸಂಘವಿದೆ. ಒಂದೇ ಮನೆ, ಎರಡು ಗಲ್ಲಾಪೆಟ್ಟಿಗೆ. ನಡುವಿನ ಗೋಡೆ ಎಷ್ಟು ದಪ್ಪ ಎಂದು ಕೇಳುವವರು ಇದ್ದೇ ಇದ್ದಾರೆ. ಇನ್ನು ಪ್ರಚಾರ: 2011ರಲ್ಲಿ ನಾಸ್ಕಾರ್ ರೇಸ್ ಕಾರುಗಳು ಶೇ. 15ರ ಎಥನಾಲ್ ಮಿಶ್ರಣಕ್ಕೆ ಬದಲಾದಾಗ ಆ ಪ್ರಚಾರದ ಹಿಂದೆ ಬೆಳೆಗಾರರ ರಾಷ್ಟ್ರೀಯ ಸಂಘವೂ ಇತ್ತು.

ನನಗೆ ಹೆಚ್ಚು ಬೆಲೆಯದೆನಿಸುವುದು ಸಂಶೋಧನೆ. ಹೈಬ್ರಿಡ್ ಬೀಜವನ್ನು ಕಂಪನಿಗಳು ಹೇಗೂ ಮಾಡುತ್ತವೆ. ಅಫ್ಲಾಟಾಕ್ಸಿನ್ ವಿಷ ಬಿಡುವ ಬೂಷ್ಟಿನಂಥ, ಲಾಭ ಕಾಣದ ತೊಂದರೆಗೆ ರೈತರ ಕಾಸೇ ಬೇಕು. 1957ರಲ್ಲಿ ಹುಟ್ಟಿದ ಆ ರಾಷ್ಟ್ರೀಯ ಸಂಘ ತೊಂಬತ್ತರ ದಶಕದಲ್ಲಿ ಸಸ್ಯ ಜೀನೋಮ್ ಸಂಶೋಧನೆಗೆ ಸರ್ಕಾರದ ಹಣ ಬೇಕೆಂದು ಸಂಸತ್ತಿನ ಬೆನ್ನು ಹತ್ತಿತು. 1998ರಲ್ಲಿ ರಾಷ್ಟ್ರೀಯ ಯೋಜನೆ ಶುರುವಾಯಿತು, 2009ರಲ್ಲಿ ಮೆಕ್ಕೆಜೋಳದ ‘ಬಿ73’ ತಳಿಯ ಜೀನೋಮ್ ಪ್ರಕಟವಾಯಿತು.

ಒತ್ತಾಯದ ವಂತಿಗೆ ನ್ಯಾಯವೇ ಎಂಬ ಜಗಳ ಮುಗಿದಿಲ್ಲ. 2001ರಲ್ಲಿ ಅಣಬೆ ಬೆಳೆಗಾರರ ಜಾಹೀರಾತು ವಂತಿಗೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 2005ರಲ್ಲಿ ಗೋಮಾಂಸದ ವಂತಿಗೆಯನ್ನು ಎತ್ತಿಹಿಡಿಯಿತು.

ನಮ್ಮಲ್ಲೂ ಈಗ ಮೆಕ್ಕೆಜೋಳ ಎಥನಾಲಿನ ಮುಖ್ಯ ಕಚ್ಚಾವಸ್ತು. ಸ್ಥಾವರಗಳ ಸುತ್ತಲ ಊರುಗಳಲ್ಲಿ ಇಳುವರಿ ಹೆಚ್ಚಿಸುವ ಯೋಜನೆ ಲುಧಿಯಾನದ ಭಾರತೀಯ ಮೆಕ್ಕೆಜೋಳ ಸಂಶೋಧನಾ ಸಂಸ್ಥೆಯದು, ಹಣ ಸರ್ಕಾರದ್ದು. 2025ರ ಕೊಯ್ಲಿನಲ್ಲಿ ಧಾರಣೆ ಕ್ವಿಂಟಲ್‌ಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ಗದಗ, ಹಾವೇರಿ ಕಡೆಯ ರೈತರು ಖರೀದಿ ಕೇಂದ್ರ ತೆರೆಯಿರೆಂದು ಬೀದಿಗಿಳಿದರು. ರಾಜ್ಯದ ಡಿಸ್ಟಿಲರಿಗಳ ಎಥನಾಲ್ ಹಂಚಿಕೆ ಹೆಚ್ಚಿಸಿ ಎಂದು ದಿಲ್ಲಿಗೆ ಪತ್ರ ಬರೆದದ್ದು ಮುಖ್ಯಮಂತ್ರಿ.