ಪರಂಗಿ ಎಂಬ ದೂರದ ಬೆಟ್ಟ

ಮೊನ್ನೆ ಹಣ್ಣಿನ ಗಾಡಿಯ ಮುಂದೆ ನಿಂತು, ‘ಒಂದು ಪರಂಗಿ ಹಣ್ಣು ಕೊಡಪ್ಪ’ ಎಂದೆ. ಹುಡುಗ ಕಣ್ಣು ಕಣ್ಣು ಬಿಟ್ಟ. ‘ಪಪ್ಪಾಯ ಕಣೋ’ ಎಂದು ಅವನ ತಂದೆ ತಿಳಿಸಿಹೇಳಬೇಕಾಯಿತು. ಮನುಷ್ಯರನ್ನು ಪರಂಗಿಯವರು ಎನ್ನುವುದಂತೂ ಎಂದೋ ನಿಂತಿತು. ಈಗ ಎಲ್ಲರೂ ‘ಫಾರಿನರ್’. ಆ ಮಾತಿಗೆ ಊರೂ ಇಲ್ಲ, ಮುಖವೂ ಇಲ್ಲ. ಪರಂಗಿ ಎಷ್ಟು ದೂರ ನಡೆದು ಬಂದ ಪದ!

1096ರಲ್ಲಿ ಹೊರಟ ಮೊದಲ ಕ್ರುಸೇಡಿನ, ಅಂದರೆ ಕ್ರೈಸ್ತರ ಧರ್ಮಯುದ್ಧದ, ದಂಡಿನಲ್ಲಿ ನಾರ್ಮನ್ನರಿದ್ದರು, ಫ್ಲೆಮಿಷರಿದ್ದರು, ಪ್ರೊವಾನ್ಸಿನವರಿದ್ದರು. ಅರಬರ ಬಾಯಲ್ಲಿ ಎಲ್ಲರೂ ಫ್ರಾಂಕರೇ, ‘ಇಫ್ರಂಜ್’. ಪಾರಸಿಯಲ್ಲಿ ಅದು ಫರಂಗಿ, ನಮ್ಮಲ್ಲಿ ಪರಂಗಿ. ಯುರೋಪು ಒಂದು ಎಂದು ಮೊದಲು ಕಂಡುಕೊಂಡದ್ದು ಹೊರಗಿನ ಕಣ್ಣು ಎಂಬುದು ನನ್ನ ವಾದ. ಅದಕ್ಕಿಂತ ಹಿಂದೆಯೂ ಹಾಗೆಯೇ: 732ರ ಕಾಳಗದಲ್ಲಿ ಅರಬರನ್ನು ತಡೆದ ಫ್ರಾಂಕರ ನಾಯಕ ಚಾರ್ಲ್ಸ್ ಮಾರ್ಟೆಲನ ಸೈನಿಕರನ್ನು ‘ಯುರೋಪೆನ್ಸೆಸ್’, ಅಂದರೆ ಯುರೋಪಿನವರು ಎಂದು ಕರೆದದ್ದು 754ರ ಒಂದು ಲ್ಯಾಟಿನ್ ಚರಿತ್ರೆ. ಬರೆದವನು ಅರಬರ ಆಳ್ವಿಕೆಯ ಸ್ಪೇನಿನಲ್ಲಿದ್ದ ಕ್ರೈಸ್ತ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಈ ಗಾದೆಯನ್ನು ಬರೀ ಎಚ್ಚರಿಕೆಯ ಮಾತಾಗಿ ಬಳಸಿ ಅದಕ್ಕೆ ಅನ್ಯಾಯ ಮಾಡಿದ್ದೇವೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಶಿವಗಂಗೆ ಬೆಟ್ಟಕ್ಕೆ ಹೋಗಿದ್ದೆ. ಬಸ್ಸಿನ ಕಿಟಕಿಯಿಂದ ಅಪ್ಪ, ‘ನೋಡು, ಈ ಕಡೆಯಿಂದ ನಂದಿ, ಸುತ್ತಿ ಬಂದರೆ ಗಣಪ, ಲಿಂಗ’ ಎಂದು ತೋರಿಸಿದರು. ಹತ್ತತೊಡಗಿದ ಮೇಲೆ ನಂದಿ ಮಾಯ. ಕಂಡದ್ದು ಮುಂದಿನ ಮೆಟ್ಟಿಲು, ಕಾದ ಬಂಡೆ, ಮುಂದೆ ಹೋಗುತ್ತಿದ್ದವರ ಹಿಮ್ಮಡಿ. ಹತ್ತುವವನಿಗೆ ಕಲ್ಲು ನಿಜ, ದೂರ ನಿಂತವನಿಗೆ ಆಕಾರ ನಿಜ. ಬೆಟ್ಟಕ್ಕೆ ಎರಡೂ ಬೇಕು, ಯುರೋಪಿಗೂ.

ಅಣ್ಣನ ಮಗ ಜರ್ಮನಿಯಿಂದ ತಂದ, ಎರಡು ಯುರೋ ಬೆಲೆಯ ನಾಣ್ಯಗಳು ನನ್ನ ಮೇಜಿನ ಮೇಲಿವೆ. ಒಂದು ಮುಖ ಎಲ್ಲದರಲ್ಲೂ ಒಂದೇ: ಬೆಲೆ, ಭೂಪಟ. ತಿರುಗಿಸಿದರೆ ಜರ್ಮನಿಯ ಹದ್ದು, ಇಟಲಿಯ ದಾಂತೆ, ಗೂಳಿಯ ಬೆನ್ನೇರಿದ ಗ್ರೀಸಿನ ಯುರೋಪಾ. ದಾಂತೆಯ ನಾಣ್ಯಕ್ಕೂ ಬರ್ಲಿನ್ನಿನಲ್ಲಿ ಅದೇ ಬೆಲೆ. ಒಂದು ಮುಖವನ್ನು ಉಜ್ಜಿ ಅಳಿಸಿದರೆ ಇನ್ನೊಂದರ ಬೆಲೆ ಹೆಚ್ಚುವುದಿಲ್ಲ.

ಕಾನೂನೂ ಹೀಗೆಯೇ ಇದೆ. 1993ರಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದ ಯುರೋಪಿಯನ್ ಒಕ್ಕೂಟದ ಪೌರತ್ವವನ್ನು ಕೊಟ್ಟಿತು. ಆದರೆ ಅದು ಸದಸ್ಯ ದೇಶವೊಂದರ ಪೌರತ್ವದ ಮೂಲಕವೇ ಬರಬೇಕು. ಅದಕ್ಕೇ 2020ರ ಜನವರಿ 31ರಂದು ಬ್ರಿಟನ್ ಹೊರಬಿದ್ದಾಗ, ಒಕ್ಕೂಟದಲ್ಲೇ ಉಳಿಯೋಣ ಎಂದು ಮತ ಹಾಕಿದ್ದ ಬ್ರಿಟಿಷರ ಕೈಯಿಂದಲೂ ಅದು ಜಾರಿತು. ದೇಶವನ್ನೂ ಯುರೋಪನ್ನೂ ಒಟ್ಟಿಗೆ ಪ್ರೀತಿಸಿದವರ ಆ ನೋವು ನನ್ನನ್ನು ತಟ್ಟುತ್ತದೆ.

ಆದರೆ ದೂರ ನಿಂತು ಇಟ್ಟ ಹೆಸರನ್ನು ಯಾವ ಮತದಾನವೂ ಕಿತ್ತುಕೊಳ್ಳಲಾರದು. ನನ್ನ ಮಾತಿನಲ್ಲಿ ಅವರೆಲ್ಲ ಈಗಲೂ ಪರಂಗಿಯವರೇ. ಆ ಮಾತನ್ನು ನಾನು ಬಿಡುವುದಿಲ್ಲ, ಹಣ್ಣಿನ ಗಾಡಿಯ ಮುಂದೆಯೂ.